ಲ್ಯಾಬ್‌ನ ಎಲ್ಲ ಕಂಪ್ಯೂಟರ್‌ಗಳ ಯಂತ್ರಾಂಶ ವಿವರವನ್ನು ಒಂದೇ ಪ್ರೋಗ್ರಾಂ ಓದಬಲ್ಲದೇ?

ಪ್ರಶ್ನೆ: ನಮ್ಮದು ಮಂಡ್ಯದ ಒಂದು ಕಾಲೇಜು. ಲ್ಯಾಬ್‌ನಲ್ಲಿ ವಿಂಡೋಸ್ ಮತ್ತು ಉಬುಂಟು ಕಂಪ್ಯೂಟರ್‌ಗಳಿವೆ. ವಿಭಾಗದಲ್ಲಿ ಒಂದು ಮ್ಯಾಕ್ ಕೂಡ ಇದೆ. ಪ್ರತಿ ವರ್ಷ ದಾಸ್ತಾನು ತಪಾಸಣೆಗಾಗಿ ಪ್ರೊಸೆಸರ್, ರ‍್ಯಾಮ್, ಸೀರಿಯಲ್ ನಂಬರ್‌ಗಳನ್ನು ಕೈಯಲ್ಲೇ ಬರೆದುಕೊಳ್ಳುತ್ತೇವೆ. ಇವನ್ನು ಎಲ್ಲ ಯಂತ್ರಗಳಲ್ಲೂ ಓದಿಕೊಡುವ ಒಂದೇ ಪ್ರೋಗ್ರಾಂ ಬರೆಯಬಹುದೇ?

ಉತ್ತರ: ಖಂಡಿತ ಬರೆಯಬಹುದು. ಆದರೆ ಪ್ರೋಗ್ರಾಂ ಒಂದೇ ಆಗಿದ್ದರೂ ಅದರೊಳಗೆ ಮೂರು ದಾರಿಗಳು ಇರಲೇಬೇಕು, ಏಕೆಂದರೆ ಪ್ರತಿಯೊಂದು ಆಪರೇಟಿಂಗ್ ಸಿಸ್ಟಂ ಈ ಮಾಹಿತಿಯನ್ನು ತನ್ನದೇ ಜಾಗದಲ್ಲಿ, ತನ್ನದೇ ರೂಪದಲ್ಲಿ ಇಟ್ಟಿರುತ್ತದೆ.

ಸಾಮಾನ್ಯ ಪಿಸಿಗಳಲ್ಲಿ ಈ ಮಾಹಿತಿಯ ಬಹುಪಾಲು ಮೂಲ ಒಂದೇ. ಯಂತ್ರ ಆನ್ ಆಗುವಾಗ ಮದರ್‌ಬೋರ್ಡ್‌ನ ಫರ್ಮ್‌ವೇರ್ (ಅದರಲ್ಲೇ ಅಡಕವಾಗಿರುವ ಮೂಲ ತಂತ್ರಾಂಶ), ತಯಾರಕರ ಹೆಸರು, ಮಾದರಿ, ಸೀರಿಯಲ್ ನಂಬರ್, ಯಾವ ಸ್ಲಾಟ್‌ನಲ್ಲಿ ಎಷ್ಟು ರ‍್ಯಾಮ್ ಇದೆ ಎಂಬಿವನ್ನೆಲ್ಲ ಎಸ್‌ಎಂಬಯಾಸ್ ಎಂಬ ನಿಗದಿತ ಕೋಷ್ಟಕದಲ್ಲಿ ಸಿದ್ಧಪಡಿಸಿಡುತ್ತದೆ. ವಿಂಡೋಸ್ ಅದನ್ನು ಡಬ್ಲ್ಯೂಎಂಐ ಎಂಬ ತನ್ನ ಮಾಹಿತಿ ವ್ಯವಸ್ಥೆಯ ಮೂಲಕ ಕೊಡುತ್ತದೆ. ಲಿನಕ್ಸ್ (ಉಬುಂಟು ಅದರದೇ ಒಂದು ರೂಪ) 'ಸಿಸ್' ಕಡತಕೋಶದ ಒಳಗಿರುವ ಡಿಎಂಐ ಕಡತಗಳಲ್ಲಿ ತೋರಿಸುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಂ ಪ್ರೊಫೈಲರ್ ಆಜ್ಞೆ ಇದೆ. ಅದರಿಂದ ಪ್ರೋಗ್ರಾಂಗಳು ಸುಲಭವಾಗಿ ಓದಬಲ್ಲ ಜೆಸನ್ ಎಂಬ ಪಠ್ಯ ರೂಪದಲ್ಲೇ ಉತ್ತರ ಪಡೆಯಬಹುದಾದ್ದರಿಂದ ಅಲ್ಲಿ ಕೆಲಸ ಹಗುರ. ವಿಂಡೋಸ್‌ಗಾಗಿ ಹಳೆಯ ಉದಾಹರಣೆಗಳಲ್ಲಿ ಕಾಣುವ 'ಡಬ್ಲ್ಯೂಎಂಐಸಿ' ಆಜ್ಞೆಯನ್ನು ಹೊಸದಾಗಿ ಬಳಸಬೇಡಿ. ಮೈಕ್ರೋಸಾಫ್ಟ್ ಅದನ್ನು ಕೈಬಿಡುತ್ತಿದೆ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಅದು ತಾನಾಗಿ ಇರುವುದೂ ಇಲ್ಲ. ಅದರ ಬದಲು ಪವರ್‌ಶೆಲ್‌ನ 'ಗೆಟ್-ಸಿಮ್‌ಇನ್‌ಸ್ಟನ್ಸ್' ಬಳಸಿ.

ಪೈಥಾನ್ ಬಳಸುವವರಾದರೆ ರ‍್ಯಾಮ್, ಕೋರ್‌ಗಳ ಸಂಖ್ಯೆ, ಡಿಸ್ಕ್‌ನ ಗಾತ್ರ ಇವುಗಳಿಗೆ 'ಪಿಎಸ್‌ಯುಟಿಲ್' ಲೈಬ್ರರಿ ಮೂರೂ ಕಡೆ ಒಂದೇ ರೀತಿ ಕೆಲಸ ಮಾಡುತ್ತದೆ. ಪ್ರೊಸೆಸರ್‌ನ ಹೆಸರಿಗೆ ಮಾತ್ರ ಪೈಥಾನ್‌ನಲ್ಲೇ ಇರುವ 'ಪ್ಲಾಟ್‌ಫಾರ್ಮ್' ಮಾಡ್ಯೂಲನ್ನು ನಂಬಿಕೊಳ್ಳಬಾರದು. ಲಿನಕ್ಸ್‌ನಲ್ಲಿ ಅದು ಅನೇಕ ವೇಳೆ ಬರೀ ಖಾಲಿ ಉತ್ತರ ಕೊಡುತ್ತದೆ. ಅಲ್ಲಿ 'ಪ್ರಾಕ್' ಕಡತಕೋಶದ ಸಿಪಿಯುಇನ್ಫೋ ಕಡತವನ್ನು ನೇರವಾಗಿ ಓದುವುದೇ ಮೇಲು.

ರ‍್ಯಾಮ್‌ನ ವಿಷಯದಲ್ಲಿ ಹಲವರು ಗೊಂದಲಕ್ಕೆ ಬೀಳುತ್ತಾರೆ. 8 ಜಿಬಿ ರ‍್ಯಾಮ್ ಹಾಕಿಸಿದ ಯಂತ್ರದಲ್ಲಿ ವಿಂಡೋಸ್‌ಗೆ ಡಬ್ಲ್ಯೂಎಂಐನ 'ವಿನ್32_ಫಿಸಿಕಲ್‌ಮೆಮೊರಿ' ಮಾಹಿತಿ ಕೇಳಿದರೆ 8589934592 ಬೈಟ್, ಅಂದರೆ ಸರಿಯಾಗಿ 8 ಜಿಬಿ ಎಂದು ಬರುತ್ತದೆ; ಅದೇ ಯಂತ್ರದ ಲಿನಕ್ಸ್‌ನಲ್ಲಿ 'ಪ್ರಾಕ್' ಕಡತಕೋಶದ ಮೆಮ್‌ಇನ್ಫೋ ಕಡತ ನೋಡಿದರೆ ಅದಕ್ಕಿಂತ ಕಡಿಮೆ ಕಾಣುತ್ತದೆ. ರ‍್ಯಾಮ್ ಕಳವಾಗಿದೆ ಎಂದು ಇದರ ಅರ್ಥವಲ್ಲ. ಮೊದಲನೆಯದು ಸ್ಲಾಟ್‌ನಲ್ಲಿ ಕೂತಿರುವ ಮೆಮೊರಿ ಪಟ್ಟಿಯ (ಸ್ಟಿಕ್‌ನ) ಗಾತ್ರ; ಎರಡನೆಯದು ಫರ್ಮ್‌ವೇರ್, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಮತ್ತು ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ತಮಗಾಗಿ ಕಾಯ್ದಿರಿಸಿಕೊಂಡ ಮೇಲೆ ಉಳಿದದ್ದು. ಪಿಎಸ್‌ಯುಟಿಲ್ ಲಿನಕ್ಸ್‌ನಲ್ಲಿ ಕೊಡುವುದೂ ಈ ಎರಡನೆಯ ಅಂಕಿಯನ್ನೇ. ದಾಸ್ತಾನು ವಹಿಗೆ ಬೇಕಾದದ್ದು ಮೊದಲನೆಯದಾದ್ದರಿಂದ ಲಿನಕ್ಸ್‌ನಲ್ಲಿ 'ಡಿಎಂಐಡಿಕೋಡ್' ಆಜ್ಞೆಯಿಂದ ಮೆಮೊರಿ ಪಟ್ಟಿಗಳ ಗಾತ್ರವನ್ನು ಓದಿ ಕೂಡಿಸಬೇಕು.

ನಿಜವಾದ ಕಷ್ಟವಿರುವುದು ಸೀರಿಯಲ್ ನಂಬರ್‌ನಲ್ಲಿ. ಲಿನಕ್ಸ್‌ನಲ್ಲಿ ಮಾದರಿಯ ಹೆಸರನ್ನು ಯಾರು ಬೇಕಾದರೂ ಓದಬಹುದು, ಆದರೆ ಸೀರಿಯಲ್ ನಂಬರ್ ಇರುವ ಕಡತವನ್ನು ರೂಟ್ (ನಿರ್ವಾಹಕರ ಖಾತೆ) ಮಾತ್ರ ಓದಬಲ್ಲದು. ವಿದ್ಯಾರ್ಥಿಯ ಖಾತೆಯಿಂದ ಪ್ರೋಗ್ರಾಂ ಓಡಿಸಿದರೆ ಅನುಮತಿ ಇಲ್ಲವೆಂಬ ದೋಷ ಬರುತ್ತದೆ. ಅದನ್ನು 'ನಂಬರ್ ಇಲ್ಲ' ಎಂದು ದಾಖಲಿಸುವುದು ತಪ್ಪು. ಇನ್ನು, ಮೈಸೂರಿನ ಅಂಗಡಿಗಳಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಅಸೆಂಬಲ್ಡ್ ಕಂಪ್ಯೂಟರ್‌ಗಳಿದ್ದರೆ ಸೀರಿಯಲ್ ನಂಬರ್ ಇರಬೇಕಾದ ಜಾಗದಲ್ಲಿ 'ಟು ಬಿ ಫಿಲ್ಡ್ ಬೈ ಓ.ಇ.ಎಂ.' (ತಯಾರಕರು ತುಂಬಬೇಕಾದದ್ದು) ಅಥವಾ 'ಡಿಫಾಲ್ಟ್ ಸ್ಟ್ರಿಂಗ್' ಎಂಬ ಸಾಲು ಸಿಗುವುದು ತೀರಾ ಸಾಮಾನ್ಯ. ಬ್ರ್ಯಾಂಡೆಡ್ ಯಂತ್ರಗಳ ತಯಾರಕರು ಆ ಜಾಗವನ್ನು ತುಂಬುತ್ತಾರೆ. ಜೋಡಿಸಿದ ಯಂತ್ರಗಳಲ್ಲಿ ಸಾಮಾನ್ಯವಾಗಿ ಯಾರೂ ತುಂಬಿರುವುದಿಲ್ಲ. ಸೀರಿಯಲ್ ನಂಬರನ್ನೇ ಗುರುತಾಗಿಟ್ಟುಕೊಂಡ ಪ್ರೋಗ್ರಾಂ ಇಂಥ ಹತ್ತು ಯಂತ್ರಗಳನ್ನು ಒಂದೇ ಯಂತ್ರವೆಂದು ಎಣಿಸಿಬಿಡುತ್ತದೆ.

ಆದ್ದರಿಂದ ಇಂಥ ಸಾಲುಗಳನ್ನು ಗುರುತಿಸಿ ಖಾಲಿ ಎಂದೇ ದಾಖಲಿಸಿ, ಮದರ್‌ಬೋರ್ಡ್‌ನ ಸೀರಿಯಲ್ ನಂಬರ್ ಬೇರೆಯಾಗಿ ಸಿಗುತ್ತದೆಯೇ ಎಂದು ನೋಡಿ. ಅದೂ ಇಲ್ಲದಿದ್ದರೆ ಬೋರ್ಡ್‌ನಲ್ಲೇ ಇರುವ ಈಥರ್ನೆಟ್‌ನ ಮ್ಯಾಕ್ ವಿಳಾಸವನ್ನು (ಜಾಲ ಸಂಪರ್ಕದ ಯಂತ್ರಾಂಶದ ವಿಶಿಷ್ಟ ಸಂಖ್ಯೆ; ಮ್ಯಾಕ್ ಕಂಪ್ಯೂಟರ್‌ಗೂ ಇದಕ್ಕೂ ಸಂಬಂಧವಿಲ್ಲ) ಗುರುತಾಗಿ ಬಳಸಿ; ಯುಎಸ್‌ಬಿ ವೈಫೈ ಅಡಾಪ್ಟರ್‌ನದ್ದು ಬೇಡ, ಅದು ನಾಳೆ ಪಕ್ಕದ ಯಂತ್ರಕ್ಕೆ ಹೋಗಬಹುದು. ಲ್ಯಾಬ್‌ನಲ್ಲಿ ಯಾರಾದರೂ ವರ್ಚುವಲ್‌ಬಾಕ್ಸ್‌ನೊಳಗೆ (ಕಂಪ್ಯೂಟರ್‌ನಲ್ಲೇ ಇನ್ನೊಂದು ವರ್ಚುವಲ್ ಕಂಪ್ಯೂಟರ್ ನಡೆಸುವ ತಂತ್ರಾಂಶ) ಉಬುಂಟು ಓಡಿಸುತ್ತಿದ್ದರೆ ಅಲ್ಲಿ ಸಿಗುವ ತಯಾರಕರ ಹೆಸರು, ಸೀರಿಯಲ್ ನಂಬರ್‌ಗಳೆಲ್ಲ ಆ ವರ್ಚುವಲ್ ಯಂತ್ರದವೇ ಆಗಿರುತ್ತವೆ. ಹಾಗಾಗಿ ಮಾದರಿಯ ಹೆಸರನ್ನು ಮೊದಲು ಪರೀಕ್ಷಿಸಿ, ಅಂಥ ದಾಖಲೆಗಳನ್ನು ವಹಿಗೆ ಸೇರಿಸದಂತೆ ಪ್ರೋಗ್ರಾಂನಲ್ಲೇ ತಡೆಯಿರಿ.