ಉಪನ್ಯಾಸಕರ ಜೊತೆಗೇ ಹೊರಟುಹೋಗುವ ಪಾಠಗಳು

ಜುಲೈ ಬಂತೆಂದರೆ ಕೊಡಗಿನಲ್ಲಿ ರಜೆ ಘೋಷಣೆಗಳ ಕಾಲ. ಮಳೆ ಜೋರಾದರೆ ಅಂಗನವಾಡಿ, ಶಾಲೆಗಳಿಗೆ ರಜೆ. ಇನ್ನೂ ಜಾಸ್ತಿಯಾದರೆ ಕಾಲೇಜುಗಳಿಗೂ. ಕೋವಿಡ್ ಬಂದುಹೋದ ಮೇಲೆ ಇದಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ: ‘ಆನ್‌ಲೈನ್ ಕ್ಲಾಸ್ ತಗೊಂಡ್ರಾಯ್ತು’. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯ ವಿದ್ಯಾರ್ಥಿಗಳಿಗೆ ಆ ಮಾತು ಕೇಳಿದಷ್ಟು ಸುಲಭವಲ್ಲ. ಮರ ಬಿದ್ದು ಲೈನ್ ಹರಿಯುತ್ತದೆ. ಕರೆಂಟ್ ಹೋದರೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ನೆಟ್‌ವರ್ಕ್. ಹತ್ತು ಗಂಟೆಯ ಲೈವ್ ಕ್ಲಾಸಿಗೆ ಎಷ್ಟೋ ಮಕ್ಕಳು ಬರುವುದೇ ಇಲ್ಲ.

ಆನ್‌ಲೈನ್ ಬೋಧನೆ ಅಂದರೆ ಲೈವ್ ವಿಡಿಯೊ ಅಂತ ನಾವು ಯಾವಾಗ ತೀರ್ಮಾನಿಸಿಬಿಟ್ಟೆವು? ಪಾಠವನ್ನು ಒಂದು ಕಡೆ ಹಾಕಿಟ್ಟು, ಅವರವರಿಗೆ ಅನುಕೂಲವಾದ ಹೊತ್ತಿಗೆ ಓದಿಕೊಳ್ಳಲು ಬಿಡುವ, ಕೊಡಗಿಗೆ ಹೆಚ್ಚು ಒಗ್ಗುವ ಇನ್ನೊಂದು ದಾರಿ ಅದಕ್ಕೂ ಮೊದಲೇ ಇತ್ತು.

ದೂರದಲ್ಲಿರುವವರಿಗೆ ಪಾಠ ಮುಟ್ಟಿಸುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತ್ತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅಚ್ಚಾದ ಪಾಠ ಅಂಚೆಯಲ್ಲಿ ಬರುತ್ತಿತ್ತು. ತೋಟದ ಕೆಲಸ ಮುಗಿಸಿ ರಾತ್ರಿ ಓದಿದರೂ ನಡೆಯುತ್ತಿತ್ತು, ಭಾನುವಾರ ಓದಿದರೂ ನಡೆಯುತ್ತಿತ್ತು. ಆಮೇಲೆ ಪರದೆಯ ಕಾಲ. 1984ರ ಆಗಸ್ಟ್ 15ರಿಂದ ದೂರದರ್ಶನದಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಾಠಗಳು ಬಂದವು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಎಜುಸ್ಯಾಟ್ ಹಾರಿಸಿತು. ಶಿಕ್ಷಣಕ್ಕೆಂದೇ ಮಾಡಿದ ಉಪಗ್ರಹ ಅದು. ಸ್ಟುಡಿಯೊದಲ್ಲಿ ಒಬ್ಬರು ಪಾಠ ಮಾಡಿದರೆ ಡಿಶ್ ಇರುವ ಕಾಲೇಜುಗಳಲ್ಲೆಲ್ಲ ಅದು ಕಾಣುತ್ತಿತ್ತು. ಆದರೆ ಆ ಹೊತ್ತಿಗೆ ಅಲ್ಲಿ ಕುಳಿತಿರಬೇಕು. ಡಿಶ್‌ಗೆ ಬರುವ ಕೆಯು ಬ್ಯಾಂಡ್ ಅನ್ನುವ ಸಿಗ್ನಲ್ ಜೋರು ಮಳೆಗೆ ಕುಗ್ಗುತ್ತದೆ. ಆಷಾಢದಲ್ಲಿ ಡಿಶ್ ಟಿವಿ ನೋಡಲು ಹೋದ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಎಜುಸ್ಯಾಟ್‌ಗೂ ಮುಂಚೆಯೇ ಹೊರದೇಶಗಳಲ್ಲಿ ಬೇರೊಂದು ಕೆಲಸ ನಡೆದಿತ್ತು. 1990ರ ದಶಕದ ನಡುವಿನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಮರ್ರೆ ಗೋಲ್ಡ್‌ಬರ್ಗ್ ‘ವೆಬ್‌ಸಿಟಿ’ (WebCT) ಎಂಬ ಕೋರ್ಸ್ ನಿರ್ವಹಣೆಯ ತಂತ್ರಾಂಶ ಮಾಡಿದರು. ಒಂದು ವಿಷಯಕ್ಕೆ ಸಂಬಂಧಿಸಿದ ನೋಟ್ಸ್, ಅಸೈನ್‌ಮೆಂಟ್, ಕಿರುಪರೀಕ್ಷೆ, ಚರ್ಚೆ, ಅಂಕ ಎಲ್ಲವೂ ಒಂದೇ ಜಾಗದಲ್ಲಿ. 1997ರಲ್ಲಿ ಅಮೆರಿಕದಲ್ಲಿ ಬ್ಲ್ಯಾಕ್‌ಬೋರ್ಡ್ ಕಂಪನಿ ಶುರುವಾಯಿತು. ಕೆಲವು ವರ್ಷಗಳಲ್ಲಿ ಅದೇ ವೆಬ್‌ಸಿಟಿಯನ್ನು ಕೊಂಡುಕೊಂಡಿತು. ಇವೆಲ್ಲ ದುಡ್ಡು ಕೊಟ್ಟು ಬಳಸಬೇಕಾದವು.

ಇಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವ ಮನುಷ್ಯ ಆಸ್ಟ್ರೇಲಿಯಾದ ಮಾರ್ಟಿನ್ ಡುಗಿಯಾಮಸ್. ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ ನೋಡಿಕೊಳ್ಳುವ ಕೆಲಸ ಅವರದಾಗಿತ್ತು. ಅದರಲ್ಲಿ ತೃಪ್ತಿ ಸಿಗದೆ ಅವರೇ ‘ಮೂಡಲ್’ ಎಂಬ ಅಂಥದ್ದೇ ತಂತ್ರಾಂಶ ಬರೆದರು. 2002ರ ಆಗಸ್ಟ್ 20ರಂದು ಅದರ ಮೊದಲ ಆವೃತ್ತಿ ಬಂತು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ಬೇಕಾದಂತೆ ತಿದ್ದಿಕೊಳ್ಳಬಹುದು. ಡುಗಿಯಾಮಸ್ ಬೆಳೆದದ್ದು ಮರುಭೂಮಿಯ ಒಂದು ಒಂಟಿ ಊರಿನಲ್ಲಿ. ಅವರ ಬಾಲ್ಯದ ಶಾಲೆ ನಡೆದದ್ದು ರೇಡಿಯೊದಲ್ಲಿ. ಶಾಲೆ ದೂರ ಇದ್ದರೆ ಏನಾಗುತ್ತದೆ ಅಂತ ತಿಳಿದವರು ಮಾಡಿದ ಸಾಧನ ಅದು. ಹಾಗಾಗಿ ಪಾಠ ಹಾಕುವವರೂ ಓದುವವರೂ ಒಂದೇ ಹೊತ್ತಿಗೆ ಕೂರಬೇಕು ಅನ್ನುವ ಕಟ್ಟುಪಾಡು ಅದರಲ್ಲಿಲ್ಲ. 2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮ್ ಕೂಡ ಇದೇ ಜಾತಿಯದ್ದು.

ಅಂದರೆ 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಸಾಧನಕ್ಕೇನೂ ಕೊರತೆ ಇರಲಿಲ್ಲ. ತಯಾರಿ ಇರಲಿಲ್ಲ. ಕೈಗೆ ಸಿಕ್ಕಿದ್ದು ವಾಟ್ಸ್ಆ್ಯಪ್, 40 ನಿಮಿಷಕ್ಕೆ ಕಟ್ ಆಗುವ ಜೂಮ್, ಆಮೇಲೆ ಗೂಗಲ್ ಮೀಟ್. ತರಗತಿಯ ಟೈಮ್‌ಟೇಬಲ್ ಹಾಗೆಹಾಗೇ ಪರದೆಗೆ ಹತ್ತಿತು. ಆ ದಿನಗಳಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಶಾಲಾ ಶಿಕ್ಷಕರೊಬ್ಬರು ನೆಟ್‌ವರ್ಕಿಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅವರ ಕಾಳಜಿಗೆ ಕೈಮುಗಿಯಬೇಕು. ಆದರೆ ಪಾಠ ಹೇಳಲು ಮರ ಹತ್ತಬೇಕಾದ ಸ್ಥಿತಿಯನ್ನು ನಾವು ಬರೀ ಮೆಚ್ಚಿ ಬಿಟ್ಟುಬಿಟ್ಟೆವು.

ಪದವಿ ಕಾಲೇಜುಗಳ ಪಾಡು ಸುದ್ದಿಯಾಗಲಿಲ್ಲ. 60 ಮಂದಿಯ ಒಂದು ತರಗತಿ ಅಂದುಕೊಳ್ಳಿ. ಪ್ರತಿಯೊಬ್ಬರೂ 5 ಪುಟದ ಅಸೈನ್‌ಮೆಂಟ್ ಬರೆದು, ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡುತ್ತಾರೆ. ಅಲ್ಲಿಗೆ 300 ಫೋಟೊ. ಕೆಲವು ಅಡ್ಡಡ್ಡ, ಕೆಲವದರ ಮೇಲೆ ಕೈಯ ನೆರಳು. ಮೂರನೇ ಪುಟ ಮೊದಲು ಬಂದು, ಮೊದಲ ಪುಟ ಸಂಜೆ ರೇಂಜ್ ಸಿಕ್ಕಾಗ ಬರುತ್ತದೆ. ಹೆಸರು ಹುಡುಕಿದರೆ ನಂಬರ್ ಅಪ್ಪನದ್ದು, ಡಿಪಿಯಲ್ಲಿ ದೇವರ ಪಟ. ಇದನ್ನೆಲ್ಲ ಒಂದೊಂದಾಗಿ ತೆರೆದು, ಜೂಮ್ ಮಾಡಿ ಓದಿ, ಪುಸ್ತಕದಲ್ಲಿ ಇಂಟರ್ನಲ್ ಮಾರ್ಕ್ಸ್ ಬರೆದುಕೊಳ್ಳಬೇಕು. ಹೀಗೆ ಮೂರು ಪೇಪರ್ ಇದ್ದರೆ ಫೋನ್ ತುಂಬಿ ನಿಂತುಬಿಡುತ್ತದೆ. ಕೋರ್ಸ್ ನಿರ್ವಹಣೆಯ ತಂತ್ರಾಂಶ ತಪ್ಪಿಸಬೇಕಿದ್ದ ಕೆಲಸ ಇದೇ.

ಸರ್ಕಾರ ಸುಮ್ನೆ ಕೂತಿರಲಿಲ್ಲ. 2021ರ ಆರಂಭದಲ್ಲಿ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಗೆ ‘ಕರ್ನಾಟಕ ಎಲ್ಎಂಎಸ್’ ಎಂಬ ಕಲಿಕಾ ನಿರ್ವಹಣೆಯ ವ್ಯವಸ್ಥೆ ಬಂತು. ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿದರು. ಅದೇ ವರ್ಷ ರಾಷ್ಟ್ರೀಯ ಶಿಕ್ಷಣ ನೀತಿಯ ಹೊಸ ಪಠ್ಯಕ್ರಮವೂ ಬಂತು, ಪ್ರವೇಶ, ಅಂಕ, ಪರೀಕ್ಷೆಗೆಂದು ಯುಯುಸಿಎಂಎಸ್ ಪೋರ್ಟಲ್ ಕೂಡ ಬಂತು. ಹಾಜರಿ, ಅಂಕಗಳಿಗೆ ಗಡುವು ಇರುತ್ತದೆ. ತಪ್ಪಿದರೆ ನೋಟಿಸ್. ಪಾಠವನ್ನು ಚೆನ್ನಾಗಿ ಜೋಡಿಸಿಡಲು ಯಾರೂ ಗಡುವು ಕೊಡುವುದಿಲ್ಲ. ಸಹಜವಾಗಿಯೇ ಉಪನ್ಯಾಸಕರ ಸಮಯವೆಲ್ಲ ಪೋರ್ಟಲಿಗೆ ಹೋಯಿತು. ಆಮೇಲೆ 2024-25ರಿಂದ ಪದವಿ ಆ ನೀತಿಯ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದು ಪಠ್ಯಕ್ರಮ ಬದಲಾಯಿತು. ಹಳೆಯ ಪಠ್ಯಕ್ಕೆ ಮಾಡಿಟ್ಟಿದ್ದ ವಿಡಿಯೊ, ನೋಟ್ಸ್ ಎಲ್ಲ ಮೂಲೆ ಸೇರಿದವು.

ನನ್ನ ಲೆಕ್ಕದಲ್ಲಿ ದೊಡ್ಡ ಪೆಟ್ಟು ಬಿದ್ದಿರುವುದು ಬೇರೆ ಕಡೆ. ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ಇವತ್ತು ವಿರಾಜಪೇಟೆಯಲ್ಲಿ ಇದ್ದವರು ಮುಂದಿನ ವರ್ಷ ಎಲ್ಲಿರುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಅವರು ಗೂಗಲ್ ಕ್ಲಾಸ್‌ರೂಮ್ ತೆರೆಯುವುದು ಸ್ವಂತ ಜಿಮೇಲ್‌ನಲ್ಲಿ. ಅದಕ್ಕೆ ಸಿಗುವುದು 15 ಜಿಬಿ. ಅದರಲ್ಲೇ ಮನೆಯ ಫೋಟೊ, ಅದರಲ್ಲೇ ಕಾಲೇಜಿನ ಅಸೈನ್‌ಮೆಂಟ್. ಅವರು ಹೋದ ದಿನ ನೋಟ್ಸ್, ಪ್ರಶ್ನೆಗಳು, ಯಾವ ಅಧ್ಯಾಯದಲ್ಲಿ ಮಕ್ಕಳು ಎಡವುತ್ತಾರೆ ಅನ್ನುವ ಅನುಭವ, ಎಲ್ಲವೂ ಅವರ ಜೊತೆಗೇ ಹೋಗುತ್ತದೆ. ಹೊಸಬರು ಬಂದು ಮೊದಲಿನಿಂದ ಶುರು ಮಾಡಬೇಕು. ಅವರಲ್ಲಿ ತಪ್ಪು ಹುಡುಕುವುದು ಅನ್ಯಾಯ. ಕೆಲಸಕ್ಕೇ ಭದ್ರತೆ ಇಲ್ಲದವರಿಂದ ಹತ್ತು ವರ್ಷ ಬಾಳುವ ಕೋರ್ಸ್ ಕೇಳುವುದಕ್ಕೆ ನಮಗೆ ಯಾವ ಹಕ್ಕಿದೆ?

ಕೊಡಗಿಗೆ ಇನ್ನೊಂದು ಅಸ್ಥಿರತೆಯೂ ಇದೆ. ಮಡಿಕೇರಿಯಲ್ಲಿ ಮೊದಲ ಕಾಲೇಜು ಶುರುವಾದದ್ದು 1949ರಲ್ಲಿ. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದಾಗ ಜಿಲ್ಲೆ ಅದರ ವ್ಯಾಪ್ತಿಗೆ ಹೋಯಿತು. 2023ರಲ್ಲಿ ಚಿಕ್ಕ ಅಳುವಾರದ ಜ್ಞಾನಕಾವೇರಿ ಆವರಣದಲ್ಲಿ ಕೊಡಗಿಗೇ ಒಂದು ವಿಶ್ವವಿದ್ಯಾಲಯ ಬಂತು. ಎರಡು ವರ್ಷ ಆಗುವಷ್ಟರಲ್ಲಿ, 2025ರಲ್ಲಿ, ಅದನ್ನು ಮುಚ್ಚುವ ಮಾತೂ ಬಂತು. ಜಿಲ್ಲೆಯ ಜನ ವಿರೋಧಿಸಿದರು. ವಿಶ್ವವಿದ್ಯಾಲಯ ಬದಲಾದಾಗೆಲ್ಲ ಲಾಗಿನ್, ಇಮೇಲ್, ಪಠ್ಯಕ್ರಮ ಬದಲಾಗುವ ಸಂಭವ ಇರುತ್ತದೆ. ಅಲ್ಲಿ ಕೂಡಿಟ್ಟ ಪಾಠಗಳನ್ನು ಯಾರು ಕಾಯುತ್ತಾರೆ ಅನ್ನುವುದೂ ಈ ಚರ್ಚೆಯಲ್ಲಿ ಬರಬೇಕಿತ್ತು.

ಹಾಗಾದರೆ ಕೊಡಗಿನವರು ಕಕ್ಕಡ ಅನ್ನುವ ಮಳೆಯ ತಿಂಗಳಲ್ಲೂ ನಡೆಯುವ ಕೋರ್ಸ್ ಹೇಗಿರಬೇಕು? ಒಂದು ಗಂಟೆಯ ಲೈವ್ ವಿಡಿಯೊ ನೂರಾರು ಎಂಬಿ ನುಂಗುತ್ತದೆ. ಹತ್ತು ನಿಮಿಷದ ಧ್ವನಿ ಸಂದೇಶಕ್ಕೆ ಎರಡು ಎಂಬಿ ಆಸುಪಾಸು ಸಾಕು. ಅದರ ಜೊತೆ ನಾಲ್ಕು ಪುಟದ ಪಿಡಿಎಫ್ ಇದ್ದರೆ ಒಂದು ಪಾಠ ಆಯಿತು. ಮೂಡಲ್‌ನ ಮೊಬೈಲ್ ಆ್ಯಪ್‌ನಲ್ಲಿ ಪಾಠಗಳನ್ನು ಮೊದಲೇ ಇಳಿಸಿಕೊಳ್ಳಬಹುದು. ಉಪನ್ಯಾಸಕರು ಅನುಮತಿ ಕೊಟ್ಟಿದ್ದರೆ ಕ್ವಿಜ್ ಅನ್ನು ನೆಟ್ ಇಲ್ಲದೆಯೇ ಬರೆಯಬಹುದು. ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗಿ ಸಂತೆಗೆಂದು ಗೋಣಿಕೊಪ್ಪಕ್ಕೆ ಬಂದಾಗ ನೆಟ್‌ವರ್ಕ್ ಸಿಕ್ಕರೆ ಸಾಕು, ಉತ್ತರ ಆಗ ಹೋಗುತ್ತದೆ. ಅಸೈನ್‌ಮೆಂಟಿಗೆ ‘ಇವತ್ತು ರಾತ್ರಿ 12ರೊಳಗೆ’ ಅನ್ನುವ ಬದಲು ಒಂದು ವಾರ ಕೊಟ್ಟರೆ ಯಾರೂ ಮರ ಹತ್ತಬೇಕಾಗಿಲ್ಲ. ಲೈವ್ ಕ್ಲಾಸ್ ಬೇಡವೇ ಬೇಡ ಅಂತಲ್ಲ. ವಾರಕ್ಕೊಮ್ಮೆ ಸಂದೇಹ ಕೇಳಲು ಇರಲಿ. ಅದು ತಪ್ಪಿದವರಿಗೆ ಪಾಠವೇ ತಪ್ಪಿಹೋಗಬಾರದು, ಅಷ್ಟೇ.

ಕೋರ್ಸ್ ಕಾಲೇಜಿನ ಹೆಸರಿನ ಖಾತೆಯಲ್ಲಿರಬೇಕು ಅನ್ನುವುದು ಇದೆಲ್ಲಕ್ಕಿಂತ ಮೊದಲಿನ ಕೆಲಸ. ಗೂಗಲ್ ಕ್ಲಾಸ್‌ರೂಮ್ ಆದರೆ ವಿಭಾಗದ ಇನ್ನೊಬ್ಬರನ್ನು ಸಹ ಶಿಕ್ಷಕರಾಗಿ ಸೇರಿಸಿಡಬಹುದು. ಮೂಡಲ್ ಆದರೆ ಇಡೀ ಕೋರ್ಸನ್ನು ಒಂದೇ ಫೈಲಿಗೆ ಬ್ಯಾಕಪ್ ತೆಗೆದು, ಮುಂದಿನ ವರ್ಷ ಬರುವವರಿಗೆ ಪೆನ್‌ಡ್ರೈವ್‌ನಲ್ಲಿ ಕೊಡಬಹುದು. ಅವರು ಅದನ್ನು ರಿಸ್ಟೋರ್ ಮಾಡಿ, ಬದಲಾದ ಅಧ್ಯಾಯಗಳನ್ನಷ್ಟೇ ತಿದ್ದಿಕೊಂಡರೆ ಆಯಿತು. ಆ ಫೈಲನ್ನು ಮಾಡಿಟ್ಟು ಹೋದ ಅತಿಥಿ ಉಪನ್ಯಾಸಕರ ಹೆಸರು ಕೋರ್ಸಿನ ಮೊದಲ ಪುಟದಲ್ಲೇ ಇರಬೇಕು. ಆ ಕೆಲಸಕ್ಕೆ ತಗುಲಿದ ಗಂಟೆಗಳು ಅವರ ಗೌರವಧನದ ಲೆಕ್ಕಕ್ಕೂ ಸೇರಬೇಕು.