ಒಂದೇ ಬೆಂಚು, ಒಂದೇ ಪಾಠ. ಅಂಕ ಮಾತ್ರ ಮನೆ ನೋಡಿ ಬರುವುದೇಕೆ?

ಪ್ರಶ್ನೆ: ಶಿಕ್ಷಣದಿಂದ ಸಮಾಜ ಬದಲಾಗುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಬೆಂಗಳೂರಿನಲ್ಲಿ ಕಣ್ಣಿಗೆ ಬೀಳುವುದೇ ಬೇರೆ: ಓದಿದವರ ಮಕ್ಕಳೇ ಮುಂದೆ ಹೋಗುತ್ತಾರೆ. ಹಾಗಾದರೆ ಸಮಾಜಶಾಸ್ತ್ರಜ್ಞರಲ್ಲಿ ಯಾರ ಮಾತು ಸರಿ?

ಉತ್ತರ: ಪ್ರಕಾರ್ಯವಾದಿಗಳು, ಸಂಘರ್ಷ ಸಿದ್ಧಾಂತದವರು, ಬೂರ್ಡ್ಯೂ: ಮೂವರದೂ ಸರಿ, ಆದರೆ ಮೂವರೂ ನೋಡಿದ್ದು ಶಾಲೆಯ ಬೇರೆ ಬೇರೆ ಭಾಗವನ್ನು. ಪರೀಕ್ಷೆಯಲ್ಲಿ ಇವರನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಿ ಬರೆಯುವ ಅಭ್ಯಾಸವೇ ಗೊಂದಲದ ಮೂಲ.

ಪ್ರಕಾರ್ಯವಾದಿಗಳದು, ಅಂದರೆ ಸಮಾಜ ನಡೆಯಲು ಪ್ರತಿ ಸಂಸ್ಥೆಯೂ ಒಂದು ಕೆಲಸ ಮಾಡುತ್ತದೆ ಎನ್ನುವವರದು, ಸುಲಭ, ಬೇಗ ಮುಗಿಸೋಣ. ಮನೆಯಲ್ಲಿ ಮಗು 'ಚಿನ್ನ', 'ಪುಟ್ಟ'. ತರಗತಿಯಲ್ಲಿ ಅದೇ ಮಗು ರೋಲ್ ನಂಬರ್ 23. ಎಲ್ಲರಿಗೂ ಒಂದೇ ಅಳತೆಗೋಲು ಅನ್ವಯಿಸುವ ಲೋಕಕ್ಕೆ ಮಗುವನ್ನು ಮನೆಯಿಂದ ದಾಟಿಸುವ ಸೇತುವೆ ಶಾಲೆ ಎಂದು ಅವರಲ್ಲಿ ಒಬ್ಬರಾದ ಟಾಲ್ಕಟ್ ಪಾರ್ಸನ್ಸ್ 1959ರಲ್ಲಿ ಬರೆದರು. ಅಳತೆಗೋಲು ಒಂದೇ ಎಂಬುದು ನಿಜ. ಅಳೆಸಿಕೊಳ್ಳಲು ಬರುವವರು ಎಲ್ಲಿಂದ ಹೊರಟರು ಎಂಬುದನ್ನು ಅದು ಕೇಳುವುದಿಲ್ಲ.

ಸಮಾಜವನ್ನು ಮೇಲಿನವರ ಮತ್ತು ಕೆಳಗಿನವರ ಹಿತಾಸಕ್ತಿಗಳ ಘರ್ಷಣೆಯಾಗಿ ನೋಡುವ ಸಂಘರ್ಷ ಸಿದ್ಧಾಂತದ ಬೌಲ್ಸ್ ಮತ್ತು ಗಿಂಟಿಸ್ 1976ರಲ್ಲಿ ಅಮೆರಿಕದ ಶಾಲೆಗಳ ಬಗ್ಗೆ ಹೇಳಿದ್ದನ್ನು 'ಬೆಲ್ ಹೊಡೆಯುತ್ತದೆ, ಕಾರ್ಖಾನೆಯಲ್ಲೂ ಸೈರನ್ ಕೂಗುತ್ತದೆ' ಎಂಬಷ್ಟಕ್ಕೇ ಇಳಿಸಿಬಿಡುತ್ತಾರೆ. ಅವರ ಮಾತಿನ ತಿರುಳು ಬೇರೆ: ಕೆಳಹಂತದ ಕೆಲಸಕ್ಕೆ ಹೋಗಲಿರುವವರಿಗೆ ಹೇಳಿದಂತೆ ಕೇಳುವ ತರಬೇತಿ, ಮೇಲಿನ ಹುದ್ದೆಗೆ ಹೋಗಲಿರುವವರಿಗೆ ಸ್ವಂತವಾಗಿ ನಿರ್ಧರಿಸುವ ತರಬೇತಿ. ಪೀಣ್ಯದ ಗಾರ್ಮೆಂಟ್ ಕೆಲಸಗಾರರ ಮಕ್ಕಳು ಓದುವ ಶಾಲೆಯಲ್ಲೂ ವೈಟ್‌ಫೀಲ್ಡಿನ ದುಬಾರಿ ಶಾಲೆಯಲ್ಲೂ 'ಯಾಕೆ ಸಾರ್?' ಎಂದು ಎದ್ದು ಕೇಳಿದ ಮಗುವಿಗೆ ಏನು ಉತ್ತರ ಸಿಗುತ್ತದೆ ಎಂದು ಗಮನಿಸಿ. ಈ ಸಿದ್ಧಾಂತವನ್ನು ಪರೀಕ್ಷಿಸಬೇಕಾದ ಜಾಗ ಅದು.

ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರ ಬರುವವರು ಫ್ರಾನ್ಸಿನ ಪಿಯೆರ್ ಬೂರ್ಡ್ಯೂ. ಮನೆಯಿಂದ ಮಗುವಿಗೆ ಬರುತ್ತದೆ ಎಂದು ಅವರು ಹೇಳುವ 'ಸಾಂಸ್ಕೃತಿಕ ಬಂಡವಾಳ' ಎಂದರೆ ದುಡ್ಡಲ್ಲ. ಅದು ಮೂರು ರೂಪದಲ್ಲಿರುತ್ತದೆ: ಮೈಗೂಡಿದ ಮಾತು ಮತ್ತು ನಡೆ, ಮನೆಯಲ್ಲಿರುವ ಪುಸ್ತಕದಂಥ ವಸ್ತು, ಕೈಯಲ್ಲಿರುವ ಪದವಿಪತ್ರ. ಥರ್ಮಾಕೋಲಿನಲ್ಲಿ ಜ್ವಾಲಾಮುಖಿ ಮಾಡಿಕೊಂಡು ಬಾ ಎಂದರೆ ಮಾಡುವವರು ಯಾರು ಎಂದು ಎಲ್ಲರಿಗೂ ಗೊತ್ತು. ಅಂಕ ಬೀಳುವುದು ಮಗುವಿನ ಹೆಸರಿಗೆ. ಮನೆ ಕೊಟ್ಟದ್ದನ್ನು ಶಾಲೆ 'ಪ್ರತಿಭೆ' ಎಂದು ಬರೆದುಕೊಳ್ಳುತ್ತದೆ, ಕೊಡಲಾಗದ ಮನೆಯ ಮಗು ತಾನೇ ದಡ್ಡ ಎಂದುಕೊಳ್ಳುತ್ತದೆ.

ನಮ್ಮ ಕಾನೂನು ಈ ಸಮಸ್ಯೆಯನ್ನು ಅರ್ಧದಷ್ಟು ಗುರುತಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ದಾಖಲಾತಿಗೆ ಮಗುವನ್ನಾಗಲಿ ಪೋಷಕರನ್ನಾಗಲಿ ಸಂದರ್ಶನ ಮಾಡಿ ಆರಿಸುವಂತಿಲ್ಲ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡ, ಆಮೇಲಿನ ಪ್ರತಿ ತಪ್ಪಿಗೂ 50,000 ರೂಪಾಯಿವರೆಗೆ. ಅಪ್ಪ ಅಮ್ಮನ ಇಂಗ್ಲಿಷ್ ಗೇಟಿನಲ್ಲಿ ಲೆಕ್ಕಕ್ಕೆ ಬರಬಾರದು ಎಂಬುದು ಇದರ ಉದ್ದೇಶ. 12ನೇ ಸೆಕ್ಷನ್ ಅನುದಾನರಹಿತ ಖಾಸಗಿ ಶಾಲೆಗಳ ಆರಂಭಿಕ ತರಗತಿಯಲ್ಲಿ ಕನಿಷ್ಠ 25 ಶೇಕಡಾ ಸೀಟುಗಳನ್ನು ದುರ್ಬಲ ವರ್ಗದವರಿಗೆ ಇಟ್ಟಿದೆ.

ಎಡವುವುದು ಮುಂದೆ. ಈ ಸೀಟಿಗೆ ಅರ್ಜಿ ಆನ್‌ಲೈನಿನಲ್ಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಕೂಲಿ ಬಿಟ್ಟು ಓಡಾಡಲಾಗದವರು ಅಲ್ಲೇ ಉದುರುತ್ತಾರೆ. ಸೇರಿದ ಮೇಲೆ ತರಗತಿಯ ವಾಟ್ಸಾಪ್ ಗ್ರೂಪಿನಲ್ಲಿ ಬರುವುದೆಲ್ಲ ಇಂಗ್ಲಿಷ್. ಉಚಿತ ಓದು ಎಂಟನೇ ತರಗತಿವರೆಗೆ ಮಾತ್ರ, ಒಂಬತ್ತಕ್ಕೆ ಪೂರ್ತಿ ಫೀಸು. ಇನ್ನೊಂದು ಸಂಗತಿ: 2019-20ರಿಂದ ಕರ್ನಾಟಕದಲ್ಲಿ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ. ಸರ್ಕಾರಿ ಶಾಲೆ ಉಳಿಯಬೇಕು ಎಂಬ ವಾದಕ್ಕೆ ತೂಕವಿದೆ. ಆದರೂ ಬಡವರ ಮಗುವೂ ಸಾಹುಕಾರರ ಮಗುವೂ ಒಂದೇ ಬೆಂಚಿನಲ್ಲಿ ಕೂರುವ ಅವಕಾಶ ಈ ನಗರದಲ್ಲಿ ಕುಗ್ಗಿತು ಎಂದೇ ನಮ್ಮ ಅಭಿಪ್ರಾಯ.

ತರಗತಿಯ ಒಳಗೂ ಒಂದು ಜರಡಿ ಇದೆ: ಶಿಕ್ಷಕರ ನಿರೀಕ್ಷೆ. 1968ರಲ್ಲಿ ಪ್ರಕಟವಾದ, ಅಮೆರಿಕದ ಶಾಲೆಯೊಂದರಲ್ಲಿ ನಡೆದ ರೋಸೆಂತಾಲ್ ಮತ್ತು ಜೇಕಬ್‌ಸನ್ ಪ್ರಯೋಗದಲ್ಲಿ ಸುಮಾರು 20 ಶೇಕಡಾ ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ, 'ಇವರು ಈ ವರ್ಷ ಚಿಗುರುತ್ತಾರೆ' ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಬುದ್ಧಿಮತ್ತೆ ಪರೀಕ್ಷೆಯ ಅಂಕಗಳಲ್ಲಿ ಆ ನಂಬಿಕೆಯ ಪರಿಣಾಮ ಎದ್ದು ಕಂಡಿತು, ದೊಡ್ಡ ತರಗತಿಗಳಲ್ಲಿ ಅಷ್ಟಾಗಿ ಕಾಣಲಿಲ್ಲ. ಇದನ್ನು ಎಲ್ಲ ವಯಸ್ಸಿಗೂ ಹಿಗ್ಗಿಸಿ ಬರೆಯುವುದು ತಪ್ಪು.

ಹಾಗಾದರೆ ಶಿಕ್ಷಣದಿಂದ ಏನೂ ಬದಲಾಗುವುದಿಲ್ಲವೇ? ಹಳೇ ಮೈಸೂರನ್ನು ನೋಡಿ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಹೇಗೆ ಕೊಡುವುದು ಎಂದು ತಿಳಿಯಲು ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅತ್ತ ಸಮುದಾಯಗಳು ಕಟ್ಟಿದ ಹಾಸ್ಟೆಲುಗಳು ಹಳ್ಳಿ ಹುಡುಗರಿಗೆ ಪಟ್ಟಣದಲ್ಲಿ ಊಟ, ದೀಪ, ಓದುವ ಜೊತೆಗಾರರನ್ನು ಕೊಟ್ಟವು, ಅಂದರೆ ಓದಿದವರ ಮನೆಯಲ್ಲಿ ಪುಕ್ಕಟೆ ಸಿಗುವುದನ್ನೇ. ಓದಿದ ಮೇಲೆ ಹುದ್ದೆಯ ಬಾಗಿಲು, ಓದುವಾಗ ಮನೆಯ ಬದಲಿ: ಎರಡೂ ಸೇರಿದಾಗ ಬದಲಾವಣೆ ಆಯಿತು. ಉತ್ತರ ಬರೆಯುವಾಗ ಬೂರ್ಡ್ಯೂ ಪಕ್ಕದಲ್ಲಿ ಈ ಹಾಸ್ಟೆಲನ್ನು ಇಡಿ, ಫೀಸಿನ ಉದಾಹರಣೆ ಬಿಟ್ಟುಬಿಡಿ, ಅದು ಬರೀ ದುಡ್ಡಿನ ಮಾತು.