ಗುದದ ಹತ್ತಿರದ ಗಂಟೆಲ್ಲಾ ಪೈಲ್ಸ್ ಅಲ್ಲ

ಮಂಗಳೂರು, ಉಡುಪಿ ಕಡೆ ಗುದದ್ವಾರದ ಹತ್ತಿರ ಏನೇ ಎದ್ದರೂ ಅದು ಪೈಲ್ಸ್, ಕಾರಣ ಉಷ್ಣ. ಕೋಳಿ ಬಿಡಿ, ಎಳನೀರು ಕುಡಿಯಿರಿ, ಕುಚ್ಚಲಕ್ಕಿ ಗಂಜಿ ಉಣ್ಣಿ ಅಂತಾರೆ. ಎಚ್‌ಐವಿ ಇರುವವರು ಈ ಮಾತು ನಂಬಿ ತಿಂಗಳುಗಟ್ಟಲೆ ಕಾದರೆ ತುಂಬಾ ಅಪಾಯ.

ಅವರಿಗೆ ಪೈಲ್ಸ್ ಬರುವುದಿಲ್ಲ ಅಂತಲ್ಲ. ಆದರೆ ಅದೇ ಜಾಗದಲ್ಲಿ ಹರ್ಪಿಸ್ ಹುಣ್ಣು, ಕೀವಿನ ಕುರು, ಫಿಸ್ಟುಲಾ (ಗುದದ ಒಳಗಿಂದ ಹೊರಚರ್ಮಕ್ಕೆ ಕೊರೆದ ದಾರಿ) ಕೂಡ ಆಗಬಹುದು. ಕೆಲವು ಫಿಸ್ಟುಲಾಗಳ ಹಿಂದೆ ಟಿಬಿ ಇರುತ್ತದೆ. ಇನ್ನೊಂದು, ನರಹುಲಿ. ಒರಟು ಮೈ, ಚರ್ಮದ್ದೇ ಬಣ್ಣ, ಗುಂಪಾಗಿ ಏಳುತ್ತದೆ, ಹೆಚ್ಚಾಗಿ ನೋವಿರುವುದಿಲ್ಲ. ನೋವಿಲ್ಲ ಅಂತಲೇ ಜನ ಸುಮ್ನೆ ಬಿಡುತ್ತಾರೆ.

ಇದರ ಮೂಲ ಎಚ್‌ಪಿವಿ ಎಂಬ ವೈರಸ್. 6 ಮತ್ತು 11ನೇ ಬಗೆಗಳು ನರಹುಲಿ ಎಬ್ಬಿಸುತ್ತವೆ, 16ನೇ ಬಗೆ ಕ್ಯಾನ್ಸರ್ ತರಬಲ್ಲದು. ಒಬ್ಬರಲ್ಲೇ ಎರಡೂ ಇರಬಹುದು. 16ನೇ ಬಗೆ ಕ್ಯಾನ್ಸರ್ ತರುವ ರೀತಿ ನೋಡಿ. ಆಗುಂಬೆ ಘಾಟಿ ಇಳಿಯುವ ಬಸ್ಸಿಗೆ ಕಾಲಿನದೊಂದು, ಕೈಯದೊಂದು ಬ್ರೇಕ್ ಇರುವ ಹಾಗೆ, ಜೀವಕೋಶ ಮಿತಿಮೀರಿ ಒಡೆಯದಂತೆ ತಡೆಯುವ ಎರಡು ಪ್ರೋಟೀನ್‌ಗಳಿವೆ: ಪಿ53 ಮತ್ತು ಆರ್‌ಬಿ. ವೈರಸ್‌ನ ಇ6 ಎಂಬ ಪ್ರೋಟೀನ್ ಮೊದಲನೆಯದನ್ನು ನಾಶ ಮಾಡಿಸುತ್ತದೆ, ಇ7 ಎಂಬುದು ಎರಡನೆಯದನ್ನು ಕೆಡಿಸುತ್ತದೆ. ಆಮೇಲೆ ಕೋಶಗಳನ್ನು ಹಿಡಿಯುವವರಿಲ್ಲ. ಎಷ್ಟೋ ಜನರ ದೇಹ ಅಷ್ಟರೊಳಗೆ ವೈರಸ್ಸನ್ನೇ ಹತ್ತಿಕ್ಕಿರುತ್ತದೆ. ಎಚ್‌ಐವಿಯಿಂದ ಸಿಡಿ4 ಎಂಬ ರೋಗನಿರೋಧಕ ಕೋಶ ಕಡಿಮೆಯಾದವರಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ಎಚ್‌ಪಿವಿ, ಎಚ್‌ಐವಿ ಎರಡರ ನಂಟು ನೊಬೆಲ್‌ನಲ್ಲೂ ಕಾಣುತ್ತದೆ! 2008ರ ವೈದ್ಯಕೀಯ ನೊಬೆಲ್‌ನ ಅರ್ಧ, ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಕಾರಣ ಎಂದು ತೋರಿಸಿದ ಹರಾಲ್ಡ್ ಜುರ್ ಹೌಸೆನ್ ಅವರಿಗೆ. ಉಳಿದರ್ಧ ಎಚ್‌ಐವಿ ಪತ್ತೆಹಚ್ಚಿದ ಬಾರೆ-ಸಿನೂಸಿ, ಮೊಂತಾನ್ಯೆ ಅವರಿಗೆ.

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಉಚಿತ. ತಪ್ಪದೆ ನುಂಗಿದರೆ ಸಿಡಿ4 ಏರುತ್ತದೆ. ಮೊದಲೆಲ್ಲ ಇಂಥವರಿಗೆ ಈ ಜಾಗದಲ್ಲಿ ಆಪರೇಷನ್ ಮಾಡಲು ಸರ್ಜನ್‌ಗಳು ಹಿಂಜರಿಯುತ್ತಿದ್ದರು, ಗಾಯ ಮಾಯುತ್ತಿರಲಿಲ್ಲ. ಸಿಡಿ4 ಚೆನ್ನಾಗಿದ್ದರೆ ಈಗ ಮಾಯುತ್ತದೆ. ಆದರೆ ಎಆರ್‌ಟಿ ಎಚ್‌ಪಿವಿಯನ್ನು ಓಡಿಸುವುದಿಲ್ಲ. ರಕ್ತದಲ್ಲಿ ಎಚ್‌ಐವಿ ಕಾಣದಷ್ಟು ಇಳಿದರೂ ಗುದದ ಹತ್ತಿರ ರಕ್ತ, ಗಂಟು, ಮಾಯದ ಹುಣ್ಣು ಇದ್ದರೆ ತೋರಿಸಲೇಬೇಕು. ಬೆರಳಿನಿಂದ ಮುಟ್ಟಿ ನೋಡುವ ಪರೀಕ್ಷೆ ಒಂದೆರಡು ನಿಮಿಷದ್ದು. ಸಂಶಯವಿದ್ದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಅಮೆರಿಕದಲ್ಲಿ ಎಚ್‌ಐವಿ ಇರುವ 4,400ಕ್ಕೂ ಜಾಸ್ತಿ ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಕ್ಯಾನ್ಸರಿಗೆ ಮುಂಚಿನ ಹಂತದಲ್ಲೇ ಚಿಕಿತ್ಸೆ ಕೊಟ್ಟಾಗ ಗುದದ ಕ್ಯಾನ್ಸರ್ ಶೇ 57ರಷ್ಟು ಕಡಿಮೆಯಾಯಿತು. ಇದು ಗಂಡಸರಿಗೆ ಮಾತ್ರ ಬರುವ ಕ್ಯಾನ್ಸರೂ ಅಲ್ಲ, ಹೆಂಗಸರಿಗೂ ಬರುತ್ತದೆ. ತೋರಿಸಲು ಬಂದವರ ನಡತೆಯ ವಿಚಾರಣೆ ಯಾಕೆ ಬೇಕು? ಎಚ್‌ಐವಿ ಇದೆ ಎಂದು ಚಿಕಿತ್ಸೆ ನಿರಾಕರಿಸುವುದನ್ನು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯೇ ನಿಷೇಧಿಸಿದೆ.